ಆರು ಗಂಟೆಯ ಭೂತ

ಎಳೆಯ ನಕ್ಷತ್ರಗಳು ಎಷ್ಟು ಬೇಗ ತಿರುಗುತ್ತವೆ ಅಂತ ಅಳೆಯುವುದಕ್ಕೇ ಮೂರು ವಾರಾಂತ್ಯ ಪೂರ್ತಿ ಹೋಯಿತು. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ತನ್ನ ಎರಡನೇ ಕಂತಿನ ಕೆಲಸವಾದ ಕೆ2 ಅವಧಿಯಲ್ಲಿ, 2014ರಲ್ಲಿ, ವೃಶ್ಚಿಕದ ಕಡೆ ಎರಡೂವರೆ ತಿಂಗಳು ದಿಟ್ಟಿಸಿ ನೋಡಿತ್ತು. ಅಲ್ಲಿನ ಎಳೆಯ ನಕ್ಷತ್ರಗಳ, ಕಂದು ಕುಬ್ಜಗಳ (ನಕ್ಷತ್ರವಾಗುವಷ್ಟು ತೂಕ ಸಾಲದ ಕಾಯಗಳ) ಬೆಳಕಿನ ಲೆಕ್ಕವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅರ್ಧ ಗಂಟೆಗೊಂದು ಅಳತೆ. ಮೈಮೇಲಿನ ಕಲೆ ನಮ್ಮತ್ತ ತಿರುಗಿದಾಗ ನಕ್ಷತ್ರ ತುಸು ಮಂಕಾಗುತ್ತದೆ. ಆ ಏರಿಳಿತ ಎಷ್ಟು ಹೊತ್ತಿಗೊಮ್ಮೆ ಬರುತ್ತದೋ, ಒಂದು ಸುತ್ತಿಗೆ ಅಷ್ಟು ಹೊತ್ತು.

ನನಗೆ ನೋಡಬೇಕಿದ್ದದ್ದು ಇಷ್ಟೇ: ಸುತ್ತ ದೂಳಿನ ತಟ್ಟೆ ಇದ್ದರೆ ನಿಜವಾಗಿಯೂ ನಿಧಾನ ತಿರುಗುತ್ತವಾ? ಎಳೆಯ ನಕ್ಷತ್ರ ಕುಗ್ಗುತ್ತಲೇ ಇರುತ್ತದೆ. ವ್ಯಾಸ ಅರ್ಧವಾದರೆ ಸುತ್ತುಗಳು ನಾಲ್ಕು ಪಟ್ಟು ಬೇಗ ಆಗಬೇಕು. ಆದರೆ ನಕ್ಷತ್ರದ ಕಾಂತಕ್ಷೇತ್ರ ತಟ್ಟೆಯ ಒಳ ಅಂಚನ್ನು ಹಿಡಿದಿರುತ್ತದೆ. ಬ್ರೇಕ್ ಹಾಕಿದ ಹಾಗೆ. ತಟ್ಟೆ ಕರಗಿದ ಮೇಲೆಯೇ ಬ್ರೇಕ್ ಬಿಡುವುದು.

ಮೊದಲ ವಾರ ಭಾರೀ ಖುಷಿ. ಮಂಕಾದ ಕಂದು ಕುಬ್ಜಗಳಲ್ಲಿ ಒಂದರ ಹಿಂದೆ ಒಂದು ಆರು ಗಂಟೆಯ ಆವರ್ತ! ಅವು ಗಂಟೆಗಳ ಲೆಕ್ಕದಲ್ಲೂ ತಿರುಗಬಲ್ಲವು, ಹಾಗಾಗಿ ಅನುಮಾನವೇ ಬರಲಿಲ್ಲ. ಅಷ್ಟೊಂದು ಕುಬ್ಜಗಳು ಒಂದೇ ಗಡಿಯಾರ ಕಟ್ಟಿಕೊಂಡಿರುತ್ತವಾ ಅಂತ ಯೋಚಿಸಿದ್ದು ಆಮೇಲೆ. ಗ್ರಾಫ್ ಹಿಗ್ಗಿಸಿದರೆ ಕಲೆಯ ನುಣುಪಾದ ಅಲೆ ಅಲ್ಲ, ಗರಗಸದ ಹಲ್ಲು. ದೂರದರ್ಶಕವನ್ನು ಅಲುಗದಂತೆ ಹಿಡಿಯುವ ಚಕ್ರಗಳಲ್ಲಿ ಎರಡು ಕೆಟ್ಟಿದ್ದವಲ್ಲ, ಬಿಸಿಲಿನ ಒತ್ತಡಕ್ಕೆ ಅದು ಮೆಲ್ಲಗೆ ಹೊರಳುತ್ತಿತ್ತು. ಸುಮಾರು ಆರು ಗಂಟೆಗೊಮ್ಮೆ ಅದರಲ್ಲೇ ಇರುವ ಪುಟ್ಟ ರಾಕೆಟ್ ಉರಿಸಿ ಸರಿಮಾಡುತ್ತಿದ್ದರು. ನಾನು ಅಳೆದದ್ದು ಅದನ್ನೇ. ಪಟ್ಟಿ ಪೂರ್ತಿ ಅಳಿಸಿದೆ.

ತಟ್ಟೆ ಯಾರಿಗಿದೆ ಅನ್ನುವುದು ಸುಲಭ. ಅವಕೆಂಪು ಬೆಳಕು ನೋಡುತ್ತಿದ್ದ ವೈಸ್ ಉಪಗ್ರಹದ 12 ಮೈಕ್ರಾನ್ ಅಳತೆಯಲ್ಲಿ ಬೆಳಕು ಜಾಸ್ತಿ ಇದ್ದರೆ ಬಿಸಿ ದೂಳು ಇದೆ ಅಂತ ಅರ್ಥ. ಕಷ್ಟ ಏನೆಂದರೆ, ತಟ್ಟೆ ಇರುವವುಗಳ ಗ್ರಾಫೇ ಗಲೀಜು. ಅನಿಲ ಬಿದ್ದು ಹೊಳೆಯುತ್ತವೆ, ದೂಳು ಅಡ್ಡ ಬಂದು ದಿಢೀರ್ ಕುಸಿಯುತ್ತವೆ. ಇಂಥವನ್ನು ಬಿಟ್ಟುಬಿಡೋಣ ಅನಿಸಿತ್ತು. ಬಿಟ್ಟರೆ ನಿಧಾನದವೇ ಲೆಕ್ಕದಿಂದ ಹೊರಗೆ ಬೀಳಬಹುದು, ಅಲ್ವಾ?

ನಿನ್ನೆ ರಾತ್ರಿ ತಟ್ಟೆ ಇರುವ ಒಂದು ಕುಬ್ಜ ಸಿಕ್ಕಿತು. ಪ್ರೋಗ್ರಾಂ 1.3 ದಿನ ಅಂದಿತು. ಸುಮ್ನೆ ಇರಲಿ ಅಂತ ಗ್ರಾಫನ್ನು ಅದರ ಎರಡರಷ್ಟಕ್ಕೆ ಮಡಚಿ, ಅಂದರೆ ಅಷ್ಟಷ್ಟು ಹೊತ್ತಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ನೋಡಿದೆ. ಎರಡು ಗುಬ್ಬು, ಒಂದು ಎತ್ತರ, ಒಂದು ಗಿಡ್ಡ, ಪ್ರತಿ ಸುತ್ತಿನಲ್ಲೂ ಅದೇ ಸರದಿ. ಎದುರುಬದುರು ಎರಡು ಕಲೆ! ಪುಸ್ತಕದಲ್ಲಿ 1.3 ಹೊಡೆದುಹಾಕಿ 2.6 ಅಂತ ಬರೆದೆ. ಹಳೆಯ ಪುಟಗಳನ್ನೂ ಈಗ ಹೀಗೇ ಮಡಚಿ ನೋಡಬೇಕು.