ಭರಣಿ ಮಳೆಗೆ ಮುಂಚಿನ ಅಡುಗೆ

ನಮ್ಮ ಮನೆಯಲ್ಲಿ ಎರಡು ಬಗೆಯ ಹಳೆಯ ಅಡುಗೆ ಪುಸ್ತಕಗಳಿವೆ. ಅವ್ವ ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಕೊಂಡ ತೆಳುವಾದ ಪಾಕಶಾಸ್ತ್ರದ ಪುಸ್ತಕಗಳು, ಪ್ರೆಶರ್ ಕುಕ್ಕರಿನ ಜೊತೆ ಬಂದ ಕಿರುಹೊತ್ತಿಗೆ, 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯಿಂದ ವರ್ಷಗಟ್ಟಲೆ ಕತ್ತರಿಸಿ ಅಂಟಿಸಿಟ್ಟ ಪುಟಗಳು, ಇವೆಲ್ಲ ಅಚ್ಚಾದ ಬಗೆಯವು. ಅಚ್ಚಾಗದ್ದು ಒಂದೇ ಒಂದು. ಅದು ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನಮ್ಮ ಅಜ್ಜ ಮನೆಗೆ ತಂದ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ಮೊದಲ ಕೆಲವು ಹಾಳೆಗಳಲ್ಲಿ ಶೇಂಗಾ ಮೂಟೆಗಳ ಲೆಕ್ಕವಿದ್ದರೆ, ಉಳಿದ ಹಾಳೆಗಳಲ್ಲಿ ಓದುಬರಹ ಬಾರದ ಅಜ್ಜಿ ಬಾಯಲ್ಲಿ ಹೇಳಿದ್ದನ್ನು ಆಗ ಹೈಸ್ಕೂಲಿನಲ್ಲಿದ್ದ ಚಿಗವ್ವ ಬರೆದುಕೊಂಡಿದ್ದಾಳೆ. ಈಗ ಹಾಳೆಗಳ ಅಂಚು ಪುಡಿಯಾಗುತ್ತಿರುವುದರಿಂದ ಅದನ್ನು ಅಕ್ಷರ ಬಿಡದೆ ನಕಲು ಮಾಡಲು ಕುಳಿತಿದ್ದೇನೆ.

ದಾವಣಗೆರೆಯವರು ಎಂದೊಡನೆ ಎಲ್ಲರೂ ಬೆಣ್ಣೆದೋಸೆಯ ಮತ್ತು ಮಂಡಕ್ಕಿ, ಮೆಣಸಿನಕಾಯಿಯ ಮಾತು ತೆಗೆಯುತ್ತಾರೆ. ಅವು ನನಗೂ ಪ್ರಿಯವೇ, ಆದರೆ ಅವು ಹೋಟೆಲಿನ ಮತ್ತು ಅಂಗಡಿಯ ತಿನಿಸುಗಳು. ಅಜ್ಜಿಯ ಪುಸ್ತಕದಲ್ಲಿ ಅವುಗಳ ಹೆಸರೂ ಇಲ್ಲ. ಅಲ್ಲಿರುವುದು ಸಂಡಿಗೆ, ಹಪ್ಪಳ, ಶ್ಯಾವಿಗೆ, ಬಾಳಕ, ಮಾವಿನಕಾಯಿಯ ಗುಳಂಬ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಪುಡಿ, ನವಣೆ ಅನ್ನ, ರಾಮನವಮಿಯ ಬೇಲದ ಹಣ್ಣಿನ ಪಾನಕ. ಹೆಚ್ಚಿನವು ಯುಗಾದಿಯಿಂದ ಮುಂಗಾರಿನವರೆಗಿನ ಅವಧಿಯ ಕೆಲಸಗಳು. ಶಾಲೆಗೆ ರಜೆ ಬಿಟ್ಟೊಡನೆ ನಮ್ಮನ್ನು ಅಜ್ಜಿಯ ಊರಿಗೆ ಕಳುಹಿಸುತ್ತಿದ್ದುದರಿಂದ, ಆ ಪುಸ್ತಕದ ಬಹುಪಾಲು ನನ್ನ ಬೇಸಿಗೆಗಳಲ್ಲಿ ಕಣ್ಣೆದುರೇ ನಡೆದದ್ದು.

ನಕಲು ಮಾಡುವಾಗ ಮೊದಲು ನನ್ನ ಗಮನ ಸೆಳೆದದ್ದು ಶೀರ್ಷಿಕೆಗಳು. ಅಚ್ಚಿನ ಪುಸ್ತಕದಲ್ಲಿ ‘ಅಕ್ಕಿ ಸಂಡಿಗೆ’ ಎಂದಷ್ಟೇ ಇದ್ದರೆ, ಅಜ್ಜಿ ಬರೆಯಿಸಿರುವುದು ‘ಭರಣಿಗೆ ಮುಂಚೆ ಹಾಕುವ ಹಿಟ್ಟಿನ ಸಂಡಿಗೆ’ ಎಂದು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅಶ್ವಿನಿ ಏಪ್ರಿಲ್ ನಡುವಿಗೆ ಹುಟ್ಟಿ, ಭರಣಿ ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೆಯ ವಾರದವರೆಗೆ ಇದ್ದು, ಆಮೇಲೆ ಕೃತ್ತಿಕೆ ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಅದನ್ನು ಕಾಯುತ್ತಾರೆ. ಅದೇ ಮಳೆಯ ಮೋಡ ಸಂಡಿಗೆಯನ್ನು ಹುಳಿ ಹಿಡಿಸುತ್ತದೆ. ಆದ್ದರಿಂದ ಒಣಗಿಸುವ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು, ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವುದು ಅದಾದ ಮೇಲೆ. ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿನ ಒಣ ಬಿಸಿಲೇ ಈ ಅಡುಗೆಗಳ ಮುಖ್ಯ ಪದಾರ್ಥ ಎಂಬುದನ್ನು ಅಜ್ಜಿ ಶೀರ್ಷಿಕೆಯಲ್ಲಿಯೇ ಹೇಳಿಬಿಟ್ಟಿದ್ದಾಳೆ. ಭದ್ರಾ ನಾಲೆಯ ಗದ್ದೆಗಳಿರುವ ದಾವಣಗೆರೆಯಲ್ಲಿ ಅದೇ ಸಂಡಿಗೆಗೆ ಒಂದು ಬಿಸಿಲು ಹೆಚ್ಚು ಬೇಕು ಎಂದು ಚಿಗವ್ವ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಸೇರಿಸಿದ್ದಾಳೆ.

ಆ ಹಿಟ್ಟಿನ ಸಂಡಿಗೆಯ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ನುಣ್ಣಗೆ ರುಬ್ಬಿ ಇಟ್ಟುಕೊಳ್ಳುತ್ತಿದ್ದರು. ಮರುದಿನ ಬೆಳಕು ಹರಿಯುವ ಮೊದಲೇ ಒಲೆಯ ಮೇಲೆ ನೀರು ಕುದಿಸಿ, ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಟ್ಟು, ಗಂಟಾಗದಂತೆ ತಿರುವುತ್ತಾ ಗಂಜಿ ಮಾಡುವುದು. ಅದಕ್ಕೆ ಜೀರಿಗೆ, ಹಸಿಮೆಣಸಿನಕಾಯಿ, ಇಂಗು, ಉಪ್ಪು. ಇಲ್ಲಿ ಅಜ್ಜಿಯ ಒಂದು ವಾಕ್ಯ ಹಾಗೆಯೇ ಉಳಿದಿದೆ: ‘ಗಂಜಿ ಬಾಯಿಗಿಟ್ಟಾಗ ಉಪ್ಪು ಸಾಲದು ಅನ್ನಿಸಬೇಕು.’ ನೀರು ಆರಿದಂತೆ ಉಪ್ಪು ಉಳಿದು ರುಚಿ ತೀಕ್ಷ್ಣವಾಗುತ್ತದೆ. ಗಂಜಿಯಲ್ಲಿಯೇ ಹದವಾಗಿದ್ದರೆ ಕರಿದ ಸಂಡಿಗೆ ಬಾಯಿಗಿಡಲಾಗದು. ಇಷ್ಟು ಸ್ಪಷ್ಟವಾದ ಎಚ್ಚರಿಕೆಯನ್ನು ನಮ್ಮಲ್ಲಿರುವ ಅಚ್ಚಿನ ಪುಸ್ತಕಗಳಲ್ಲಿ ನಾನು ಕಂಡಿಲ್ಲ. ಅವು ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಮುಂದೆ ಸಾಗುತ್ತವೆ.

ಅಜ್ಜಿಯದು ಕರಲು ಮಣ್ಣಿನ ಮಾಳಿಗೆ ಮನೆ. ಹಳೆಯ ಪಂಚೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಮಾಳಿಗೆಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಹೊತ್ತು ಏರುವ ಮೊದಲು ಚಮಚೆಯಿಂದ ಸಾಲಾಗಿ ಹಾಕುತ್ತಾ ಹೋಗುತ್ತಿದ್ದರು. ಕಾಗೆ ಕಾಯುವ ಕೆಲಸ ಮಕ್ಕಳಾದ ನಮ್ಮದು. ಮಧ್ಯಾಹ್ನದ ಹೊತ್ತಿಗೆ ಮೇಲೆ ಬಿಗಿದು ಒಳಗೆ ಇನ್ನೂ ಮೆತ್ತಗಿರುವ ಹಸಿ ಸಂಡಿಗೆಯನ್ನು ಅಂಚಿನಿಂದ ಎಬ್ಬಿಸಿ ತಿನ್ನುತ್ತಿದ್ದೆವು. ‘ಅಂಚಿಂದು ತಿನ್ರಿ, ನಡುವಿಂದು ಮುಟ್ಟಬ್ಯಾಡ್ರಿ’ ಎಂದು ಅಜ್ಜಿ ಕೆಳಗಿನಿಂದಲೇ ಕೂಗುತ್ತಿದ್ದಳು. ಅಂಚಿನ ಎರಡು ಸಾಲನ್ನು ಅವಳು ನಮಗೆಂದೇ ಹಾಕುತ್ತಿದ್ದಳೆಂದು ಚಿಗವ್ವ ಈಗ ಹೇಳುತ್ತಾಳೆ. ಸಂಜೆ ಬಟ್ಟೆಯನ್ನು ಮಗುಚಿ ಬೆನ್ನಿಗೆ ನೀರು ಚಿಮುಕಿಸಿದರೆ ಸಂಡಿಗೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಮೊರದಲ್ಲಿ ಹರವಿ ಪೂರ್ತಿ ಒಣಗಿಸಬೇಕು.

ಇನ್ನು ಅಳತೆಯ ವಿಚಾರ. ಅಜ್ಜಿಯ ಪುಸ್ತಕದ ಸೇರು, ಪಾವು, ಚಟಾಕು, ರೂಪಾಯಿ ತೂಕಗಳನ್ನು ಬಿಡಿಸುವುದು ನನಗೆ ಈ ಕೆಲಸದಲ್ಲೇ ಅತ್ಯಂತ ಸಂತೋಷ ಕೊಟ್ಟ ಭಾಗ. ತೂಕ ಮತ್ತು ಅಳತೆಗಳ ಕಾಯಿದೆ 1956ರಲ್ಲಿ ಬಂದು, 1958ರಿಂದ ಹಂತ ಹಂತವಾಗಿ ಕಿಲೋಗ್ರಾಂ ಪೇಟೆಗೆ ಇಳಿಯಿತು. ಆದರೆ ಅಡುಗೆಮನೆಯೊಳಗೆ ಸೇರು, ಪಾವುಗಳು ಬಹುಕಾಲ ಉಳಿದುಕೊಂಡವು. ರೂಪಾಯಿ ತೂಕವೆಂದರೆ ಹಳೆಯ ಬೆಳ್ಳಿ ರೂಪಾಯಿಯ ತೂಕ, ಅಂದರೆ ಒಂದು ತೊಲ, ಸುಮಾರು 11.66 ಗ್ರಾಂ. ತೊಡಕು ಇರುವುದು ಸೇರಿನಲ್ಲಿ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಎಂದರೆ 280 ಗ್ರಾಂ. 80 ತೊಲದ ಪಕ್ಕಾ ಸೇರು 933 ಗ್ರಾಂ. ‘ಒಂದು ಪಾವು ಶ್ಯಾವಿಗೆಗೆ ಅರ್ಧ ಸೇರು ಬೆಲ್ಲ’ ಎಂದು ಬರೆದಿದ್ದರೆ ಯಾವ ಸೇರು ಎಂದು ತಿಳಿಯುವುದು ಹೇಗೆ? ಪಾವು ಇಲ್ಲಿ ತುಂಬಿಸಿ ಅಳೆಯುವ ಪಾತ್ರೆ, ಹೆಚ್ಚುಕಡಿಮೆ ಕಾಲು ಲೀಟರು. ಮುರಿದ ಶ್ಯಾವಿಗೆ ಅದರಲ್ಲಿ ನೂರು ಗ್ರಾಂ ಆಸುಪಾಸು ಹಿಡಿಯುತ್ತದೆ. ಅದಕ್ಕೆ ಅರ್ಧ ಪಕ್ಕಾ ಸೇರು, 466 ಗ್ರಾಂ ಬೆಲ್ಲ ಸುರಿದರೆ ಪಾಯಸ ಗಂಟಲಿಗಿಳಿಯದು. ಅರ್ಧ ಕಚ್ಚಾ ಸೇರಿನ 140 ಗ್ರಾಂ ಹಾಕಿದಾಗ ಬಾಲ್ಯದ ಅದೇ ರುಚಿ ಬಂತು. ಹೀಗೆ ಪಾಯಸವೇ ಅಜ್ಜಿಯ ಸೇರು ಯಾವುದೆಂದು ತಿಳಿಸಿದ ಮೇಲೆ ಬೆಲ್ಲ, ಹುಣಸೆ, ಬೆಣ್ಣೆಗಳ ಲೆಕ್ಕವೆಲ್ಲ ಒಂದೊಂದಾಗಿ ಬಿಡಿಸಿಕೊಂಡಿತು.

ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವ ಪದ್ಧತಿ ಬಹಳ ಹಳೆಯದು. 11ನೇ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಂತರ್ಜಲದ ಶೋಧ, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ಜೊತೆಗೆ ಅಡುಗೆಯೂ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ, ಪಾನಕಗಳಿಗೂ ಬದನೆಕಾಯಿಗೂ ಅದರಲ್ಲಿ ಪ್ರತ್ಯೇಕ ಭಾಗಗಳಿವೆ. ಅಜ್ಜಿಗೆ ಈ ಗ್ರಂಥಗಳ ಗಂಧವಿರಲಿಲ್ಲ. ಆದರೂ ನೀರು, ಗಿಡ, ಅಡುಗೆ ಇವನ್ನು ಒಂದೇ ಹೊತ್ತಿಗೆಯಲ್ಲಿ ಹೇಳಬಹುದೆಂದು ಬಗೆದ ಚಾವುಂಡರಾಯನಿಗೆ, ಸಂಡಿಗೆಯ ನೆತ್ತಿಯ ಮೇಲೆ ಮಳೆಯ ಹೆಸರು ಬರೆಯಿಸಿದ ನಮ್ಮ ಅಜ್ಜಿ ಹತ್ತಿರದವಳೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಹಾಗೆಂದು ಅವ್ವನ ಅಚ್ಚಿನ ಪುಸ್ತಕಗಳನ್ನು ನಾನು ಕೀಳೆನ್ನುವುದಿಲ್ಲ. ಅಜ್ಜಿ ಹೇಳದೆ ಬಿಟ್ಟ ಪ್ರಮಾಣಗಳನ್ನು ಅವು ಹೇಳುತ್ತವೆ, ಮೈಲುಗಟ್ಟಲೆ ದೂರದ ಊರಿನ ಅಡುಗೆಯನ್ನು ನಮ್ಮ ಒಲೆಗೆ ತಂದವು. ಅವುಗಳಲ್ಲಿ ಇಲ್ಲದ್ದು ಕಾಲ ಮತ್ತು ಊರು. ಹಳೆಯ ಅಡುಗೆಗಳನ್ನು ಇಂದು ಬರೆದಿಡುತ್ತಿರುವವರಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ: ಸೇರು, ಪಾವುಗಳನ್ನು ಗ್ರಾಮಿಗೆ ತಿರುಗಿಸಿ, ಆದರೆ ಮೂಲದ ಅಳತೆಯನ್ನು ಪಕ್ಕದಲ್ಲಿ ಬಿಡಿ, ಯಾವ ತಿಂಗಳು, ಯಾವ ಊರಿನ ಬಿಸಿಲು, ಎಷ್ಟು ಜನರ ಮನೆ ಎಂಬುದನ್ನೂ ಬರೆಯಿರಿ. ಹಿಡಿ, ಚಿಟಿಕೆಗಳನ್ನು ಊಹಿಸಬೇಡಿ. ಮಾಡುವವರು ಇನ್ನೂ ನಮ್ಮೊಡನಿದ್ದರೆ ಅವರ ಹಿಡಿಯನ್ನೇ ತಕ್ಕಡಿಗೆ ಹಾಕಿಸಿ. ಚಿಗವ್ವನ ಒಂದು ಹಿಡಿ ಶೇಂಗಾ ನನ್ನ ಹಿಡಿಗಿಂತ ಎಷ್ಟೋ ಹೆಚ್ಚು ತೂಗಿತು, ಚಟ್ನಿಪುಡಿಯ ಖಾರ ನನ್ನ ಕೈಯಲ್ಲಿ ಏಕೆ ಮೇಲಾಗುತ್ತಿತ್ತೆಂದು ಆಗ ತಿಳಿಯಿತು.

ಈಗ ನಕಲು ಮುಗಿದಿರುವ ಪುಟ ಬಾಳಕದ್ದು. ಇದನ್ನು ನಗರದ ತಾರಸಿಯ ಮೇಲೂ ಮಾಡಬಹುದಾದ್ದರಿಂದ ಇಲ್ಲಿ ಕೊಡುತ್ತಿದ್ದೇನೆ. ಹೆಚ್ಚು ಖಾರವಿಲ್ಲದ, ತೊಟ್ಟು ಗಟ್ಟಿಯಾಗಿರುವ ತಿಳಿಹಸಿರು ಮೆಣಸಿನಕಾಯಿಯನ್ನು ತೊಳೆದು, ನೀರಾರಿಸಿ, ತೊಟ್ಟು ತೆಗೆಯದೆ ಉದ್ದಕ್ಕೆ ಒಂದು ಸೀಳು ಹಾಕಿ. ಚೆನ್ನಾಗಿ ಹುಳಿ ಬಂದ ಗಟ್ಟಿ ಮಜ್ಜಿಗೆಗೆ ಉಪ್ಪು, ಇಂಗು, ಪುಡಿ ಮಾಡಿದ ಮೆಂತ್ಯ ಬೆರೆಸಿ, ಜಾಡಿಯಲ್ಲಿ ಕಾಯಿ ಮುಳುಗುವಂತೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಕಾಯನ್ನು ಮಾತ್ರ ತೆಗೆದು ಚಾಪೆಯ ಮೇಲೆ ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ. ಮಜ್ಜಿಗೆಯನ್ನೆಲ್ಲ ಕಾಯಿ ಕುಡಿದು ಮುಗಿಸುವವರೆಗೂ ಹೀಗೆಯೇ ನಡೆಯಬೇಕು, ಆಮೇಲೆ ಮುರಿದರೆ ಚಟ್ಟೆನ್ನುವವರೆಗೆ ಬರಿಯ ಬಿಸಿಲು. ಕರಿಯುವುದು ಶೇಂಗಾ ಎಣ್ಣೆಯಲ್ಲಿ, ಹದವಾದ ಉರಿಯಲ್ಲಿ. ಎಣ್ಣೆ ಹೊಗೆಯಾಡಿದರೆ ಬಾಳಕ ಕಪ್ಪಾಗಿ ಕಹಿಯಾಗುತ್ತದೆ. ಮೊಸರನ್ನಕ್ಕೆ ಎಲ್ಲರೂ ನಂಚಿಕೊಳ್ಳುತ್ತಾರೆ. ನಮ್ಮ ಅಜ್ಜಿಯ ಮನೆಯಲ್ಲಿ ಅದನ್ನು ನವಣೆ ಅನ್ನ ಮಜ್ಜಿಗೆಯ ಜೊತೆ ಬಡಿಸುತ್ತಿದ್ದರು, ಮತ್ತು ಅದೇ ಸರಿಯಾದ ಜೋಡಿ ಎಂದು ನಾನು ಹೇಳುತ್ತೇನೆ.