ತೀರ್ಪಿನ ನಕಲಿಗೆ ಅರ್ಜಿ ಅದೇ ದಿನ ಹಾಕಿ

ಮೈಸೂರಿನ ಕೋರ್ಟಿನಲ್ಲಿ ಸಿವಿಲ್ ದಾವೆ ಸೋತಿರಾ? ಬಸ್‌ ಸ್ಟ್ಯಾಂಡಿನ ದಾರಿ ಹಿಡಿಯುವ ಮೊದಲು ನಕಲು ವಿಭಾಗಕ್ಕೆ ಹೋಗಿ. ಮೇಲ್ಮನವಿಯ ಗಡುವು ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಎಲ್ಲಿಗೆ ಹೋಗಬೇಕೆಂಬುದನ್ನು ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಅರ್ಜಿಯಲ್ಲಿ ದಾವೆ ಸಂಖ್ಯೆ, ಇಸವಿ, ಪಕ್ಷಗಾರರ ಹೆಸರು, ತೀರ್ಪಿನ ದಿನಾಂಕ ಬರೆದು, ತೀರ್ಪು ಮತ್ತು ಡಿಕ್ರಿ (ತೀರ್ಪಿನ ಅಂತಿಮ ಆದೇಶವನ್ನು ಬೇರೆಯಾಗಿ ಬರೆದ ಪತ್ರ) ಎರಡರದ್ದೂ ನಕಲು ಕೇಳಿ. ಇಲ್ಲೇ ಬಹಳ ಜನ ಎಡವುತ್ತಾರೆ. ‘ಡಿಕ್ರಿ ಇನ್ನೂ ತಯಾರಾಗಿಲ್ಲ, ಆಮೇಲೆ ಹಾಕಿದರಾಯಿತು’ ಎಂದು ಸುಮ್ಮನಾಗುತ್ತಾರೆ. ಅರ್ಜಿ ಹಾಕುವ ಮೊದಲು ಡಿಕ್ರಿ ಬರೆಯಲು ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೇ ಕಲಂ ಬಿಟ್ಟುಕೊಡುವುದಿಲ್ಲ. ಅರ್ಜಿ ಹಾಕಿದ ಮೇಲೆ ನಕಲಿಗೆ ಹಿಡಿದ ದಿನಗಳನ್ನು ಮಾತ್ರ ಬಿಟ್ಟುಕೊಡುತ್ತದೆ, ಅಂದರೆ ಗಡುವು ಅಷ್ಟು ದಿನ ಮುಂದೆ ಹೋಗುತ್ತದೆ.

ನಕಲು ಕೈಗೆ ಬಂದಾಗ ಹಿಂಬದಿಯ ಸೀಲು ನೋಡಿ. ಅರ್ಜಿ ಕೊಟ್ಟ ದಿನ, ಶುಲ್ಕ ತಿಳಿಸಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಪಡೆದ ದಿನ ಒಂದರ ಕೆಳಗೊಂದು ಇರುತ್ತವೆ. ನಿಮ್ಮ ಮೇಲ್ಮನವಿಯ ಆಯಸ್ಸು ಆ ನಾಲ್ಕೈದು ಸಾಲಿನಲ್ಲಿದೆ. ತೀರ್ಪು ಜೂನ್ 3ಕ್ಕೆ ಬಂದಿದ್ದರೆ 30 ದಿನ ಜುಲೈ 3ಕ್ಕೆ ಮುಗಿಯುತ್ತದೆ. ಜೂನ್ 10ಕ್ಕೆ ಅರ್ಜಿ, 24ಕ್ಕೆ ನಕಲು ಸಿದ್ಧ ಎಂದಿದ್ದರೆ 15 ದಿನ ಸೇರಿ ಗಡುವು ಜುಲೈ 18. ಶುಲ್ಕ ಕಟ್ಟದೆ ನೀವು ಕಳೆದ ದಿನಗಳಾಗಲಿ, ಸಿದ್ಧವಾದ ನಕಲನ್ನು ತರದೆ ಬಿಟ್ಟ ದಿನಗಳಾಗಲಿ ಹೀಗೆ ಗಡುವಿಗೆ ಸೇರುವುದಿಲ್ಲ. ಗಡುವು ಮೀರಿದರೆ ವಿಳಂಬ ಮನ್ನಾ ಅರ್ಜಿ ಹಾಕಿ ತಡಕ್ಕೆ ತಕ್ಕ ಕಾರಣ ಕೊಡಬೇಕು. ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಿಂದ ಇಳಿಸಿಕೊಂಡ ಪ್ರತಿ ಓದಲು ಸರಿ, ದೃಢೀಕೃತ ನಕಲಿನ ಜಾಗಕ್ಕೆ ಅದು ಬರುವುದಿಲ್ಲ.

ಮೈಸೂರು ಸಂಸ್ಥಾನದ ಚೀಫ್ ಕೋರ್ಟ್ 1884ರಲ್ಲಿ ಶುರುವಾಯಿತು, 1930ರಲ್ಲಿ ಹೈಕೋರ್ಟ್ ಆಯಿತು, 1973ರಲ್ಲಿ ರಾಜ್ಯದ ಜೊತೆ ಅದರ ಹೆಸರೂ ಬದಲಾಯಿತು. ಆದರೂ ನಕಲು, ವಕಾಲತ್ತು (ವಕೀಲರಿಗೆ ಕೊಡುವ ಅಧಿಕಾರಪತ್ರ), ಅಮೀನ (ಕೋರ್ಟಿನ ನೋಟಿಸು ತಲುಪಿಸುವವ), ಶಿರಸ್ತೇದಾರ (ಕೋರ್ಟ್ ಕಚೇರಿಯ ಮುಖ್ಯಸ್ಥ) ಎಂಬ ಹಳೆಯ ಮಾತುಗಳೇ ಇಂದಿಗೂ ಕಚೇರಿ ನಡೆಸುತ್ತಿವೆ. ಕೌಂಟರಿನಲ್ಲಿ ಅವನ್ನೇ ಬಳಸಿ, ಕೆಲಸ ಬೇಗ ಆಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕಿನಲ್ಲಿ ಅದರ ಸಮಿತಿಯಿದೆ. ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲ. ವಕೀಲರ ಶುಲ್ಕದ ಜೊತೆಗೆ ಕೋರ್ಟ್ ಶುಲ್ಕ, ನಕಲಿನ ಖರ್ಚೂ ಈ ನೆರವಿನೊಳಗೆ ಸೇರುತ್ತದೆ. ಆದರೆ ನೆರವು ಕೇಳಿ ಅರ್ಜಿ ಕೊಟ್ಟ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ನಕಲಿನ ಅರ್ಜಿ ಹಾಕಿ, ಅದರ ಸಂಖ್ಯೆ ಬರೆದುಕೊಂಡೇ ಅಲ್ಲಿಗೆ ಹೋಗಿ.