ಕ್ಯಾಟ್ ನಂಬರ್ ಎಲ್ಲರೂ ಕೇಳ್ತಾರೆ, ತಾಮ್ರ ಯಾರೂ ಕೇಳೋದಿಲ್ಲ

ಕಲಬುರಗಿಯಲ್ಲಿ ಮನೆ, ಅಂಗಡಿ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ವೈರಿಂಗ್ ಮಾಡುವುದು ನನ್ನ ಕೆಲಸ. ಇಲ್ಲಿ ಈ ಕೆಲಸಕ್ಕೆ ಬರವಿಲ್ಲ. ಹಳೇ ಓಣಿಗಳ ಮನೆಗಳಲ್ಲಿ ಗೋಡೆ ದಪ್ಪ ಕಲ್ಲಿನದು. ಪಡಸಾಲೆಯಲ್ಲಿಟ್ಟ ರೂಟರ್‌ನ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿರುತ್ತದೆ. ಹೊಸ ಬಡಾವಣೆಗಳಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಅಡ್ಡ ಬರುತ್ತದೆ. ಕೊನೆಗೆ ಮೇಲಿನ ಕೋಣೆಯ ಕಂಪ್ಯೂಟರ್‌ಗೆ ವೈರ್ ಎಳೆಯಲೇಬೇಕು. ಆಗ ನಮಗೆ ಫೋನ್ ಬರುತ್ತದೆ.

"ಅಣ್ಣಾರ, ಕ್ಯಾಟ್ ಎಂಟೇ ಹಾಕ್ರಿ. ರೊಕ್ಕದ ಚಿಂತಿ ಬ್ಯಾಡ್ರಿ."

ಕ್ಯಾಟ್ ಅಂದರೆ ಕ್ಯಾಟಗರಿ, ನೆಟ್‌ವರ್ಕ್ ವೈರ್‌ನ ದರ್ಜೆ. ನಂಬರ್ ದೊಡ್ಡದಿದ್ದಷ್ಟೂ ನೆಟ್ ಜೋರು ಅಂತ ಅನಿಸುವುದು ಸಹಜ. ಆದರೆ ಕ್ಯಾಟ್ 8 ಮಾಡಿದ್ದು ಡೇಟಾ ಸೆಂಟರ್‌ಗೆ. ಸೆಕೆಂಡಿಗೆ 25 ಅಥವಾ 40 ಗಿಗಾಬಿಟ್, ಅದೂ 30 ಮೀಟರ್ ಒಳಗೆ, ಒಂದು ರ‍್ಯಾಕ್‌ನಿಂದ ಪಕ್ಕದ ರ‍್ಯಾಕ್‌ಗೆ. ನಮ್ಮ ಮನೆಗಳ ರೂಟರ್, ಸ್ವಿಚ್ (ಒಂದು ನೆಟ್ ವೈರನ್ನು ಹಲವಕ್ಕೆ ಹಂಚುವ ಡಬ್ಬಿ), ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಇರುವುದು 1 ಗಿಗಾಬಿಟ್ ಪೋರ್ಟ್. ಈಚಿನ ಕೆಲವು ಮದರ್‌ಬೋರ್ಡ್‌ಗಳಲ್ಲಿ 2.5. ಒಂದು ಗಿಗಾಬಿಟ್‌ಗೆ ಕ್ಯಾಟ್ 5ಇ ಸಾಕು, 100 ಮೀಟರ್ ತನಕ. 2016ರಲ್ಲಿ 2.5 ಗಿಗಾಬಿಟ್‌ನ ಮಾನಕ ಬಂದದ್ದೇ ಆಗಲೇ ಗೋಡೆಯೊಳಗಿದ್ದ ಕ್ಯಾಟ್ 5ಇ ವೈರ್‌ಗಳ ಮೇಲೆ ಓಡಲಿ ಅಂತ.

ಹಾಗಿದ್ದರೂ ಗೋಡೆಯೊಳಗೆ ಹೋಗುವ ವೈರ್‌ಗೆ ನಾನು ಕ್ಯಾಟ್ 6 ಹಾಕುತ್ತೇನೆ. 55 ಮೀಟರ್ ಒಳಗಿದ್ದರೆ ಅದರಲ್ಲಿ 10 ಗಿಗಾಬಿಟ್ ಕೂಡ ಹೋಗುತ್ತದೆ. ಮನೆಯಲ್ಲಿ ಅಷ್ಟು ಉದ್ದ ಎಲ್ಲಿ ಬರುತ್ತದೆ? ನಾಳೆ ಗೋಡೆ ಒಡೆಯುವ ಖರ್ಚಿನ ಮುಂದೆ ಇವತ್ತಿನ ಬೆಲೆ ವ್ಯತ್ಯಾಸ ಏನೂ ಅಲ್ಲ. ಕ್ಯಾಟ್ 7 ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಅಮೆರಿಕದಲ್ಲಿ ಕೇಬಲ್ ಮಾನಕ ಗೊತ್ತು ಮಾಡುವ ಟಿಐಎ ಆ ನಂಬರನ್ನು ಒಪ್ಪಿಕೊಂಡೇ ಇಲ್ಲ, ಅದಕ್ಕೆ ಗೊತ್ತು ಮಾಡಿದ ಪ್ಲಗ್ ಕೂಡ ನಾವು ಬಳಸುವ ಆರ್‌ಜೆ45 ಅಲ್ಲ. ಮೇಲಾಗಿ ಅದರ ಎಳೆಗಳ ಸುತ್ತ ಇರುವ ಲೋಹದ ಹೊದಿಕೆಗೆ, ಅಂದರೆ ಶೀಲ್ಡ್‌ಗೆ, ಸರಿಯಾದ ಅರ್ಥಿಂಗ್ ಬೇಕು. ಎಷ್ಟು ಮನೆಯಲ್ಲಿ ಅರ್ಥಿಂಗ್ ನೆಟ್ಟಗಿದೆ ಅಂತ ನಾವು ಎಲೆಕ್ಟ್ರಿಷಿಯನ್‌ಗಳ ಜೊತೆ ಓಡಾಡುವವರಿಗೆ ಗೊತ್ತು.

ನಿಜವಾಗಿ ಕೇಳಬೇಕಾದದ್ದು ವೈರ್ ಒಳಗೆ ತಾಮ್ರ ಇದೆಯಾ ಅಂತ. ಮಾರ್ಕೆಟ್‌ನಲ್ಲಿ ಸಿಸಿಎ ಅನ್ನುವ ವೈರ್ ಬರುತ್ತದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಹೊರಗೆ ಚೆಂದವಾಗಿ ಕ್ಯಾಟ್ 6 ಅಂತಲೇ ಅಚ್ಚಾಗಿರುತ್ತದೆ. ಆದರೆ ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ, ಮಾನಕ ಒಪ್ಪುವುದು ತಾಮ್ರವನ್ನು ಮಾತ್ರ. ಸಿಸಿಎಗೆ ಯಾವ ಕ್ಯಾಟ್ ನಂಬರೂ ಸಲ್ಲುವುದಿಲ್ಲ. ಗುರುತಿಸುವುದು ಸುಲಭ. 305 ಮೀಟರ್‌ನ ಬಾಕ್ಸ್ ಎತ್ತಿದ ಕೂಡಲೇ ಹಗುರ ಅನಿಸುತ್ತದೆ. ಅನುಮಾನ ಬಂದರೆ ಒಂದು ಎಳೆಯನ್ನು ಬ್ಲೇಡ್‌ನಿಂದ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಲ್ಲಿ ನಿಂತು ನಾನು ಬ್ಲೇಡ್ ತೆಗೆದರೆ ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಸಿಸಿಎ ಹಾಕಿದರೆ ನೆಟ್ ಬರುವುದೇ ಇಲ್ಲ ಅಂತಲ್ಲ. ಬರುತ್ತದೆ, ಅದೇ ತೊಂದರೆ. ಹಾಕಿದ ದಿನ ಎಲ್ಲ ಚೆನ್ನಾಗಿರುತ್ತದೆ. ಅದರ ರೆಸಿಸ್ಟೆನ್ಸ್ ತಾಮ್ರದ ಸುಮಾರು ಒಂದೂವರೆ ಪಟ್ಟು. ಅದೇ ವೈರ್‌ನಲ್ಲಿ ಕ್ಯಾಮೆರಾಗೆ ಕರೆಂಟ್ ಕೂಡ ಕಳಿಸಿದರೆ, ಅಂದರೆ ಪಿಒಇ ಇದ್ದರೆ, ದೂರದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ಲೈಟ್ ಹೊತ್ತಿದ ಕೂಡಲೇ ಆಫ್ ಆಗಿ ಆನ್ ಆಗುತ್ತಿರುತ್ತದೆ. ಎಳೆಯೂ ಬಿರುಸು. ಜ್ಯಾಕ್‌ನಲ್ಲಿ ಒತ್ತಿ ಕೂರಿಸಿ ಎರಡು ಸಲ ಬಗ್ಗಿಸಿದರೆ ಪಟ್ ಅನ್ನುತ್ತದೆ.

ವೈರ್ ಒಳ್ಳೆಯದಿದ್ದೂ ಸ್ಪೀಡ್ ಸಿಗದ ಕೇಸುಗಳೇ ನನಗೆ ಜಾಸ್ತಿ ಕಲಿಸಿದವು. ಜೇವರ್ಗಿ ರೋಡ್ ಕಡೆ ಒಂದು ಮನೆ. ಕೆಳಗೆ ರೂಟರ್ ಮತ್ತು ಸ್ವಿಚ್, ಮೇಲೆ ಮಗನ ಕಂಪ್ಯೂಟರ್ ಮತ್ತು ಟಿವಿ. ಪ್ಲಾನ್ 300 ಎಂಬಿಪಿಎಸ್‌ದು. ಆದರೆ ಕಂಪ್ಯೂಟರ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94ಕ್ಕೆ ಬಂದು ನಿಲ್ಲುತ್ತಿತ್ತು. ಮನೆಯವರು ನೆಟ್ ಕಂಪನಿಯವರ ಜೊತೆ ಜಗಳಾಡಿ ಸುಸ್ತಾಗಿದ್ದರು.

94 ಅಂದ ಕೂಡಲೇ ಈ ಕಸುಬಿನವರಿಗೆ ಕಿವಿ ನೆಟ್ಟಗಾಗಬೇಕು. 100 ಎಂಬಿಪಿಎಸ್ ಲಿಂಕ್‌ನಲ್ಲಿ ಓವರ್‌ಹೆಡ್, ಅಂದರೆ ಡೇಟಾ ಜೊತೆ ಸಾಗುವ ವಿಳಾಸ ಮುಂತಾದವು, ಕಳೆದು ಕೈಗೆ ಸಿಗುವುದು ಅಷ್ಟೇ. ಅಂದರೆ ತೊಂದರೆ ಹೊರಗಿನ ಲೈನ್‌ದಲ್ಲ, ಮನೆಯೊಳಗಿನದು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಅಂತ ಇರುತ್ತದೆ. ಅಲ್ಲಿ 1000, ಅಂದರೆ 1 ಗಿಗಾಬಿಟ್ ಇರಬೇಕು. ಇಲ್ಲಿ 100 ಇತ್ತು.

ಜ್ಯಾಕ್ ಬಿಚ್ಚಿದೆ. ವೈರ್ ಕ್ಯಾಟ್ 6, ಅಪ್ಪಟ ತಾಮ್ರ. ಆದರೆ ಮೊದಲು ವೈರಿಂಗ್ ಮಾಡಿದವರು ನಾಲ್ಕು ಎಳೆ ಕಂಪ್ಯೂಟರ್‌ಗೆ, ಉಳಿದ ನಾಲ್ಕು ಎಳೆ ಟಿವಿಗೆ ಕೊಟ್ಟಿದ್ದರು. ಒಂದೇ ವೈರ್‌ನಲ್ಲಿ ಎರಡು ಲೈನ್! 100 ಎಂಬಿಪಿಎಸ್ ಕಾಲದಲ್ಲಿ ಇದು ನಡೆಯುತ್ತಿತ್ತು, ಯಾಕೆಂದರೆ ಆಗ ಬೇಕಿದ್ದದ್ದು 1, 2, 3, 6ನೇ ಪಿನ್‌ಗಳ ಎರಡೇ ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ, ಎಂಟೂ ಎಳೆ ಬೇಕು. ಎಂಟನ್ನೂ ಒಂದೇ ಜ್ಯಾಕ್‌ಗೆ ಹಾಕಿ, ಮೇಲಿನ ಕೋಣೆಯಲ್ಲಿ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಇಟ್ಟು, ಟಿವಿಯನ್ನೂ ಕಂಪ್ಯೂಟರನ್ನೂ ಅದಕ್ಕೇ ಜೋಡಿಸಿದೆ. ಹೊಸ ವೈರ್ ಒಂದು ಅಡಿಯೂ ಬೇಕಾಗಲಿಲ್ಲ. "ಇಷ್ಟೇ ಇತ್ತೇನ್ರಿ?" ಅಂದರು ಮನೆಯವರು. ಇಷ್ಟೇ ಇತ್ತು.

ಇದಕ್ಕಿಂತ ಕಳ್ಳ ತೊಂದರೆ ಇನ್ನೊಂದಿದೆ. "ಎರಡೂ ತುದಿಗೆ ಒಂದೇ ಬಣ್ಣದ ಸಾಲು ಇದ್ದರೆ ಆಯಿತು, ಯಾವ ಸಾಲಾದರೇನು" ಅನ್ನುವ ಹುಡುಗರಿದ್ದಾರೆ. ಅಗ್ಗದ ಟೆಸ್ಟರ್ ಚುಚ್ಚಿದರೆ ಒಂದರಿಂದ ಎಂಟರ ತನಕ ದೀಪ ಸಾಲಾಗಿ ಹೊತ್ತುತ್ತವೆ. ಆದರೆ ಆ ಟೆಸ್ಟರ್ ನೋಡುವುದು ಎಳೆ ಮುಟ್ಟಿದೆಯಾ ಅನ್ನುವುದನ್ನಷ್ಟೇ. ಸಿಗ್ನಲ್ ಹೋಗುವುದು ಒಂದಕ್ಕೊಂದು ಹೆಣೆದ ಜೋಡಿಯ ಮೇಲೆ. 3 ಮತ್ತು 6ನೇ ಪಿನ್‌ಗೆ ಒಂದೇ ಜೋಡಿ ಬರಬೇಕು. ಬೇರೆ ಬೇರೆ ಜೋಡಿಯ ಎಳೆ ಬಂದರೆ ಹೆಣಿಗೆಯ ಉಪಯೋಗವೇ ಇಲ್ಲ, ಪಕ್ಕದ ಜೋಡಿಯ ಸಿಗ್ನಲ್ ಇದಕ್ಕೆ ಬಡಿಯುತ್ತದೆ. ಆಮೇಲೆ ಲಿಂಕ್ ಬರುತ್ತೆ, ಹೋಗುತ್ತೆ. ಅದಕ್ಕೇ ಟಿ568ಬಿ ಅನ್ನುವ ಮಾನಕದ ಬಣ್ಣದ ಸಾಲು ಬಾಯಿಪಾಠ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ಕಂಪ್ಯೂಟರ್‌ನಿಂದ ಸ್ವಿಚ್‌ಗೊಂದು, ಸ್ವಿಚ್‌ನಿಂದ ಸ್ವಿಚ್‌ಗೆ ಇನ್ನೊಂದು ಅಂತ ಬೇರೆ ಬೇರೆ ವೈರ್ ಬೇಡ. ಎರಡು ತುದಿಗೆ ಬೇರೆ ಬೇರೆ ಸಾಲು ಹಾಕುವ ಕ್ರಾಸ್ ಕೇಬಲ್ ಕಾಲ ಮುಗಿಯಿತು. ಈಗಿನ ಪೋರ್ಟ್‌ಗಳು ತಾವೇ ಹೊಂದಿಸಿಕೊಳ್ಳುತ್ತವೆ.

ಎಲ್ಲ ಸರಿಯಿದ್ದೂ 100 ತೋರಿಸಿದರೆ ಡಬ್ಬಿಗಳನ್ನು ನೋಡಿ. ನೆಟ್ ಕಂಪನಿ ಕೊಡುವ ಕೆಲವು ಬಾಕ್ಸ್‌ಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಸ್ವಿಚ್ ಮೇಲೆ 10/100 ಅಂತ ಬರೆದಿದ್ದರೆ ಅದಕ್ಕೆ ಎಂಥಾ ವೈರ್ ಚುಚ್ಚಿದರೂ ಅಷ್ಟೇ.

ಗೋಡೆಯೊಳಗೆ ಗಟ್ಟಿ ಎಳೆಯ ವೈರ್ ಹಾಕಿ ಗೋಡೆಯ ಜ್ಯಾಕ್‌ಗೆ ನಿಲ್ಲಿಸಿ. ಅಲ್ಲಿಂದ ಕಂಪ್ಯೂಟರ್‌ಗೆ ಸಣ್ಣ ಸಣ್ಣ ತಂತಿ ನುಲಿದ ಎಳೆಯ ರೆಡಿಮೇಡ್ ಪ್ಯಾಚ್ ಕಾರ್ಡ್. ದಿನಾ ಬಗ್ಗುವುದು ಅದೇ ಅಲ್ವಾ. 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ಜಾಗ ಇದೆ ಅಂತ ಇದನ್ನು ತುರುಕಬೇಡಿ, ಬೇರೆ ಪೈಪ್ ಬೇಕು. ಮಾಳಿಗೆ ಮೇಲೆ ಹೋಗುವುದಾದರೆ ಬಿಸಿಲಿಗೆಂದೇ ಮಾಡಿದ ಕಪ್ಪು ಹೊದಿಕೆಯ ಔಟ್‌ಡೋರ್ ವೈರ್. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಒಳಗಿನ ವೈರ್‌ನ ಹೊದಿಕೆ ಅಲ್ಲಿ ಬಿರುಕು ಬಿಡುತ್ತದೆ, ಮಳೆ ಬಂದ ಮೇಲೆ ಒಳಗೆ ನೀರು.

ಪಕ್ಕದ ತಮ್ಮನ ಮನೆಗೂ ಮಾಳಿಗೆ ಮೇಲಿಂದಲೇ ಎಳೆಯಿರಿ ಅನ್ನುವವರಿದ್ದಾರೆ. ಅಲ್ಲಿ ನಾನು ತಾಮ್ರ ಮುಟ್ಟುವುದಿಲ್ಲ. ಎರಡು ಮನೆ, ಎರಡು ಮೀಟರ್, ಎರಡು ಅರ್ಥಿಂಗ್. ಮುಂಗಾರಿನ ಮೊದಲ ಗುಡುಗು-ಸಿಡಿಲಿಗೆ ಆ ತಾಮ್ರದಲ್ಲೇ ಕರೆಂಟ್ ಹರಿದು ಎರಡೂ ಕಡೆಯ ಸ್ವಿಚ್ ಸುಟ್ಟು ಹೋಗಬಹುದು. ಅದಕ್ಕೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು, ಎರಡು ತುದಿಗೂ ಬೆಳಕಿನ ಸಿಗ್ನಲನ್ನು ತಾಮ್ರದ ವೈರ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಡುತ್ತೇನೆ. ಬಿಲ್ ಸ್ವಲ್ಪ ಏರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.